ಗುಂಗುರು ಬೆಳೆದು ಹೋಗುವ ತನಕ

ಮುಲುಂಡ್ ಪಶ್ಚಿಮ
೧೨ ಜೂನ್ ೨೦೨೪

ಪ್ರಣೀತಾ,

ಅಕ್ಷರ ನೋಡಿಯೇ ಯಾರೆಂದು ತಿಳಿದಿರುತ್ತೀ. ತಂಗಿ ಮಹಾದೇವಿ ತೀರಿಹೋಗಿ ಹನ್ನೆರಡನೆಯ ದಿನ ಕಳೆದ ಮೇಲೆ ನೀನು ಈ ಮನೆಗೆ ಬಂದಿಲ್ಲ. ನಾನೂ ವಡಾಲಕ್ಕೆ ಬಂದಿಲ್ಲ. ಅದನ್ನು ಕೇಳಲು ಬರೆಯುತ್ತಿಲ್ಲ. ಕೂದಲಿನ ವಿಷಯ ಕೇಳಬೇಕಿತ್ತು.

ಫೋನ್ ಮಾಡಬಹುದಿತ್ತು. ಆದರೆ ನಮ್ಮದು ಒಂದು ಕೋಣೆ, ಒಂದು ಹಾಲ್‌ನ ಮನೆ. ನಾನು ಯಾರ ಜೊತೆ ಮಾತಾಡಿದರೂ ಅವ್ವ ಬಂದು ಪಕ್ಕದಲ್ಲಿ ನಿಲ್ಲುತ್ತಾಳೆ. ‘ಮಾದೇವಿ ಏನು? ಕೊಡು ಇಲ್ಲೆ’ ಎಂದು ಕೈ ಚಾಚುತ್ತಾಳೆ. ಆ ಕಡೆಯ ದನಿ ಮಾದೇವಿಯದಲ್ಲ ಎಂದು ತಿಳಿದಾಗ ಅವಳ ಮುಖ ನೋಡಲು ನನ್ನಿಂದ ಆಗುವುದಿಲ್ಲ. ಅದಕ್ಕೇ ಫೋನನ್ನು ಹಿಟ್ಟಿನ ಡಬ್ಬದ ಹಿಂದೆ ಇಟ್ಟಿದ್ದೇನೆ. ಕಾಗದವಾದರೆ ಅವ್ವನಿಗೆ ಅನುಮಾನವಿಲ್ಲ. ನಾನು ಪತ್ರಿಕೆಯ ಕರಡು ಮನೆಗೆ ತಂದು ತಿದ್ದುವುದನ್ನು ಎಷ್ಟೋ ವರ್ಷ ನೋಡಿದ್ದಾಳೆ.

ಅವ್ವನ ಮರೆವು ನೀನು ಕಂಡದ್ದಕ್ಕಿಂತ ಬಹಳ ಮುಂದೆ ಹೋಗಿದೆ. ಮೊದಲ ವರ್ಷ, ಮಾದೇವಿ ಎಲ್ಲಿ ಎಂದು ಕೇಳಿದಾಗಲೆಲ್ಲ ನಿಜ ಹೇಳುತ್ತಿದ್ದೆ. ಡೆಂಗ್ಯೂ ಆಗಿತ್ತು, ಉಳಿಯಲಿಲ್ಲ ಎನ್ನುತ್ತಿದ್ದೆ. ಪ್ರತಿ ಸಲವೂ ಅವಳು ಅದೇ ಆಗ ಸುದ್ದಿ ಬಂದಂತೆ ಅಳುತ್ತಿದ್ದಳು. ಹೇಳುವುದನ್ನು ನಿಲ್ಲಿಸಿ ಎಂದು ಡಾಕ್ಟರು ಹೇಳಿದರು. ನಿಲ್ಲಿಸಿದೆ. ಈಗ ನನ್ನನ್ನು ‘ಬಾಯಿ’ ಎಂದು ಕರೆಯುತ್ತಾಳೆ. ಮನೆಗೆಲಸಕ್ಕೆ ಇಟ್ಟವಳು ಎಂದುಕೊಂಡಿದ್ದಾಳೆ. ಬಾಯಿಯ ಕೈಯಿಂದ ಉಣ್ಣುವುದಿಲ್ಲ. ‘ಮಾದೇವಿ ಬರ್ಲಿ, ಉಣ್ತೀನಿ’ ಎಂದು ತಾಟು ದೂಡುತ್ತಾಳೆ. ಬೇಸಿಗೆಯಿಂದ ಈಚೆಗೆ ಅವಳ ಕುಪ್ಪಸಗಳ ತೋಳನ್ನು ನಾನು ಎರಡು ಸಲ ಒಳಗೆ ಹಿಡಿದು ಹೊಲಿದಿದ್ದೇನೆ.

ಈ ಸಲ ಮೊದಲ ಮಳೆ ಬಂದ ದಿನ ನೆನೆದು ಬಂದು ತಲೆ ಒರೆಸಿಕೊಳ್ಳುತ್ತಿದ್ದೆ. ಕೂದಲು ಸಿಕ್ಕಾಗಿ ಮುಖದ ಮೇಲೆ ಬಿದ್ದಿತ್ತು. ಅವ್ವ ಮಂಚದ ಮೇಲೆ ಎದ್ದು ಕೂತಳು. ‘ಮಾದೇವಿ, ಬಂದಿ ಏನವ್ವಾ? ಎಷ್ಟ ಹೊತ್ತ ಮಾಡಿದಿ!’ ಎಂದಳು. ಆ ಸಂಜೆ ಎರಡು ಚಪಾತಿ ತಿಂದಳು. ಕೂದಲು ಒಣಗಿ ನೆಟ್ಟಗಾಯಿತು. ನಾನು ಮತ್ತೆ ಬಾಯಿ ಆದೆ.

ಕಳೆದ ಶನಿವಾರ ಸ್ಟೇಷನ್ ಹತ್ತಿರದ ಪಾರ್ಲರಿಗೆ ಹೋಗಿ, ಕೂದಲು ಮಾದೇವಿಯದರಂತೆ ಗುಂಗುರಾಗಲೆಂದು ಪರ್ಮ್ ಮಾಡಿಸಿಕೊಂಡೆ. ಐವತ್ತೊಂದನೆಯ ವಯಸ್ಸಿನಲ್ಲಿ! ಬೆಳಿಗ್ಗೆ ಪಾತ್ರೆ ತಿಕ್ಕಲು ಬರುವ ಕಾಶವ್ವ ಬಾಗಿಲಲ್ಲೇ ನಿಂತುಬಿಟ್ಟಳು. ‘ಏನ್ರೀ ಅಕ್ಕಾರ, ನಿಮ್ಮ ತಲಿ ಮ್ಯಾಲೆ ಯಾರಾರ ಶಾವಿಗಿ ಒಣಾ ಹಾಕ್ಯಾರೇನು?’ ಎಂದಳು. ಅವ್ವ ನಗಲಿಲ್ಲ. ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. ಅಂದಿನಿಂದ ಉಣ್ಣತೊಡಗಿದಳು.

ಆದರೆ ನಿನ್ನೆ ಕಿಟಕಿಯ ಬೆಳಕಿನಲ್ಲಿ ನನ್ನ ಕಿವಿಯ ಮೇಲಿನ ಬಿಳಿಕೂದಲು ಅವಳ ಕಣ್ಣಿಗೆ ಬಿತ್ತು. ‘ನಮ್ಮ ಮಾದೇವಿಗೆ ಬಿಳಿಕೂದಲ ಎಲ್ಲೈತಿ? ಯಾರು ನೀ?’ ಎಂದು ಕೈ ಬಿಟ್ಟಳು. ರಾತ್ರಿ ಉಣ್ಣಲಿಲ್ಲ.

ಬಣ್ಣ ಹಚ್ಚಲೇಬೇಕು. ಮನೆಯಲ್ಲಿ ಕಾಳಿ ಮೆಹೆಂದಿಯ ಪ್ಯಾಕೆಟ್ ಇದೆ. ಅದು ನಡೆಯುತ್ತದೆಯೆ? ಪರ್ಮ್ ಆದ ಎಷ್ಟು ದಿನಕ್ಕೆ ಹಚ್ಚಬಹುದು? ಹಚ್ಚಿದರೆ ಗುಂಗುರು ಹೋಗುತ್ತದೆಯೆ? ಇಲ್ಲಿನ ಪಾರ್ಲರಿನ ಹುಡುಗಿ ‘ಆಜ್ ಹೀ ಕರ್ ದೇತಿ ಹೂಂ, ಆಂಟಿ’ ಎಂದಳು. ಇವತ್ತೇ ಹಚ್ಚಿಬಿಡುವ ಆ ಅವಸರ ನೋಡಿ ನನಗೆ ನಂಬಿಕೆ ಬರಲಿಲ್ಲ. ನೀನೂ ಮಾದೇವಿಯೂ ಅಷ್ಟು ವರ್ಷ ಪಾರ್ಲರ್ ನಡೆಸಿದವರು. ಬೇಗ ತಿಳಿಸು.

ಭುವನೇಶ್ವರಿ


ವಡಾಲ
೧೫ ಜೂನ್ ೨೦೨೪

ಪ್ರೀತಿಯ ಭುವನಕ್ಕಾ,

ಮೊದಲು ಆ ಕಾಳಿ ಮೆಹೆಂದಿಯನ್ನು ಕಸದ ಡಬ್ಬಿಗೆ ಹಾಕಿ ಬನ್ನಿ. ಉಳಿದದ್ದು ಆಮೇಲೆ ಓದಿ.

ಅಂಥ ಪ್ಯಾಕೆಟ್‌ಗಳಲ್ಲಿ ಮದರಂಗಿ ಸ್ವಲ್ಪ, ಬೇರೆ ಏನೇನೋ ಜಾಸ್ತಿ. ಕೆಲವದರಲ್ಲಿ ಲೋಹದ ಉಪ್ಪು ಇರುತ್ತದೆ. ಅದು ಕೂದಲಲ್ಲಿ ಕೂತ ಮೇಲೆ ಬೇರೆ ಬಣ್ಣದ ಔಷಧಿ ಬಿದ್ದರೆ ಕೂದಲು ಬಿಸಿಯಾಗಿ ಕೈಯಲ್ಲೇ ತುಂಡಾಗಿ ಬರುತ್ತದೆ. ನಾವಿಬ್ಬರೂ ಒಮ್ಮೆ ಕಣ್ಣಾರೆ ಕಂಡಿದ್ದೇವೆ. ಬೇರೆ ಕಡೆ ಹಚ್ಚಿಸಿಕೊಂಡು ನಮ್ಮಲ್ಲಿಗೆ ಅಳುತ್ತಾ ಬಂದ ಹೆಂಗಸು. ಅವಳ ಜೊತೆ ಮಹಾದೇವಿಯೂ ಅತ್ತಳು.

ಎರಡು ವಾರವಾದರೂ ಕಾಯಲೇಬೇಕು. ಮೂರಾದರೆ ಒಳ್ಳೆಯದು. ಪರ್ಮ್ ಎಂದರೆ ಕೂದಲಿನ ಒಳಗಿನ ಕಟ್ಟು ಬಿಚ್ಚಿ, ಬೇರೆ ಆಕಾರದಲ್ಲಿ ಪುನಃ ಕಟ್ಟುವುದು. ಆ ಪೆಟ್ಟಿನಿಂದ ಕೂದಲು ಸುಧಾರಿಸಿಕೊಳ್ಳುವ ಮೊದಲು ಬಣ್ಣ ಹಾಕಿದರೆ ಗುಂಗುರೂ ಸಡಿಲವಾಗುತ್ತದೆ, ಬಣ್ಣವೂ ನಿಲ್ಲುವುದಿಲ್ಲ. ಅಮೋನಿಯ ಇಲ್ಲದ ಬಣ್ಣವನ್ನೇ ತನ್ನಿ. ಮೊದಲು ಮೊಣಕೈ ಒಳಮಗ್ಗುಲಿಗೆ ಒಂದು ಚುಕ್ಕೆ ಹಚ್ಚಿ ಎರಡು ದಿನ ಬಿಡಿ. ತುರಿಸಿದರೆ, ಕೆಂಪಾದರೆ ಬೇಡವೇ ಬೇಡ. ಆಮೇಲೆ ಕತ್ತಿನ ಹಿಂದಿನ ಒಂದು ಎಳೆಗೆ ಹಚ್ಚಿ ನೋಡಿ. ಪರ್ಮ್ ಆದ ಕೂದಲು ಬಣ್ಣವನ್ನು ಬೇಗ ಕುಡಿಯುತ್ತದೆ, ಅದರಲ್ಲೂ ತುದಿ. ಅದಕ್ಕೆ ಬುಡಕ್ಕೆ ಮೊದಲು, ತುದಿಗೆ ಕೊನೆಗೆ. ಬಿಸಿನೀರು ಬೇಡ. ಅಗಲ ಹಲ್ಲಿನ ಬಾಚಣಿಗೆ ಮಾತ್ರ.

ಕರಿ ಬಣ್ಣ ತರಬೇಡಿ. ಗಾಢ ಕಂದು ತನ್ನಿ. ಯಾಕೆ ಎಂದರೆ, ಭುವನಕ್ಕಾ, ಮಹಾದೇವಿಗೆ ಬಿಳಿಕೂದಲು ಇತ್ತು. ನಲವತ್ತು ತುಂಬುವ ಮೊದಲೇ ಬಂದಿತ್ತು. ಪಾರ್ಲರಿಗೆ ರಜೆ ಇರುವ ಸೋಮವಾರ ನಾನೇ ಹಚ್ಚುತ್ತಿದ್ದೆ. ‘ಮನೆಯಲ್ಲಿ ಹೇಳಬೇಡ ಮಾರಾಯ್ತಿ, ಅವ್ವ ನನಗೆ ವಯಸ್ಸಾಯಿತೆಂದು ಅಳುತ್ತಾಳೆ’ ಎನ್ನುತ್ತಿದ್ದಳು. ನಿಮ್ಮ ಅವ್ವ ಕಂಡದ್ದು ಆ ಕಂದು ಬಣ್ಣವನ್ನೇ.

ಅಲ್ಲಿಯ ತನಕ ಬಿಳಿ ಮುಚ್ಚಲು, ಕಾಗದದ ಜೊತೆ ಇಟ್ಟಿರುವ ಈ ಹೇರ್‌ಬ್ಯಾಂಡ್ ಕಟ್ಟಿಕೊಳ್ಳಿ. ಅವಳದೇ. ಕೆಲಸ ಮಾಡುವಾಗ ಕಟ್ಟುತ್ತಿದ್ದಳು.

ನಾನೇ ಬಂದು ಹಚ್ಚಿಕೊಡಬಹುದಿತ್ತು. ಸದ್ಯ ಪಾರ್ಲರಿನಲ್ಲಿ ಕೆಲಸ ಜಾಸ್ತಿ ಉಂಟು.

ನಿಮ್ಮ
ಪ್ರಣೀತಾ


ಮುಲುಂಡ್
೮ ಜುಲೈ ೨೦೨೪

ಪ್ರಣೀತಾ,

ನೀನು ಹೇಳಿದಂತೆ ಮೂರು ವಾರ ಕಾದು, ಮೊಣಕೈಗೆ ಹಚ್ಚಿ ನೋಡಿ, ಆಮೇಲೆ ಹಚ್ಚಿಕೊಂಡೆ. ಗುಂಗುರು ಹೋಗಿಲ್ಲ. ಕೂದಲು ಉದುರಿಲ್ಲ. ಬಣ್ಣ ನೀನು ಹೇಳಿದ್ದೇ. ಕಾಶವ್ವ ಒಳಗೆ ಬಂದವಳು ಗೋಡೆಗೆ ಒರಗಿ ನಿಂತಳು. ಅವಳೂ ಮಾದೇವಿಯನ್ನು ಕಂಡವಳೇ.

ಹೇರ್‌ಬ್ಯಾಂಡಿನ ಹೊಲಿಗೆಯಲ್ಲಿ ಒಂದು ಕೂದಲು ಸಿಕ್ಕಿಕೊಂಡಿತ್ತು. ಬುಡದ ಹತ್ತಿರ ಬೆಳ್ಳಗಿದೆ. ಒಂದೇ ಮನೆಯಲ್ಲಿ ಇದ್ದೂ ನನಗೆ ಗೊತ್ತಿರಲಿಲ್ಲ. ಅದನ್ನು ಅಲ್ಲೇ ಬಿಟ್ಟಿದ್ದೇನೆ.

ಅವ್ವ ಈಗ ಎರಡು ಹೊತ್ತೂ ಉಣ್ಣುತ್ತಾಳೆ. ಭಾನುವಾರ ಎಣ್ಣೆ ಹಚ್ಚುತ್ತೇನೆಂದು ಹಟ ಹಿಡಿದು ತನ್ನ ಕಾಲ ಬಳಿ ಕೂರಿಸಿಕೊಳ್ಳುತ್ತಾಳೆ. ಅಗಲ ಹಲ್ಲಿನ ಬಾಚಣಿಗೆ ಕೊಟ್ಟೆ. ‘ಇದೇನಿದು, ಎಮ್ಮಿ ಮೈ ತಿಕ್ಕೂದೇನು?’ ಎಂದು ಬೈದಳು. ಬೈದರೂ ಅದರಲ್ಲೇ ಬಾಚಿದಳು. ಅವಳಿಗೆ ಊಟದ ತಾಟು ಯಾವುದು, ಕುಡಿಯುವ ಲೋಟ ಯಾವುದು ಎಂಬುದು ಮರೆತಿದೆ. ಸಿಕ್ಕು ಬಿಡಿಸುವುದು ಮರೆತಿಲ್ಲ. ತುದಿಯಿಂದ ಶುರು ಮಾಡಿ ಮೇಲೆ ಬರುತ್ತಾಳೆ, ಎಳೆಯುವಾಗ ಬುಡವನ್ನು ಇನ್ನೊಂದು ಕೈಯಲ್ಲಿ ಹಿಡಿದಿರುತ್ತಾಳೆ, ನೋಯಬಾರದೆಂದು.

ನಾವು ಚಿಕ್ಕವರಾಗಿ ವಡಾಲದ ಕ್ವಾರ್ಟರ್ಸ್‌ನಲ್ಲಿದ್ದಾಗ ಪ್ರತಿದಿನ ಬೆಳಿಗ್ಗೆ ಮಾದೇವಿಯ ತಲೆಗೇ ಅವ್ವನ ಸಮಯವೆಲ್ಲ ಹೋಗುತ್ತಿತ್ತು. ನನ್ನದು ನೆಟ್ಟನೆಯ ಕೂದಲು. ನಾನೇ ಬಾಚಿಕೊಂಡು ಶಾಲೆಗೆ ಹೊರಡುತ್ತಿದ್ದೆ. ಹಾಗಾಗಿ ಅವಳ ಕೈ ಹೀಗೆ ಎಂದು ನನಗೆ ಈಗ ತಿಳಿಯಿತು.

ಮಳೆಗಾಲದಲ್ಲಿ ಪಾರ್ಲರಿನಲ್ಲಿ ಕೆಲಸವೇ ಇರುವುದಿಲ್ಲ ಎಂದು ಮಾದೇವಿ ಹೇಳುತ್ತಿದ್ದಳು. ಇರಲಿ.

ಭುವನೇಶ್ವರಿ


ವಡಾಲ
೧೯ ಜುಲೈ ೨೦೨೪

ಪ್ರೀತಿಯ ಭುವನಕ್ಕಾ,

ಹೌದು, ಕೆಲಸ ಇಲ್ಲ. ಎರಡು ಕುರ್ಚಿಗಳಲ್ಲಿ ಒಂದರ ಮೇಲೆ ಟವೆಲ್ ಒಣಹಾಕುತ್ತೇನೆ. ಆ ಕುರ್ಚಿಗೆ ಬೇರೆ ಯಾರನ್ನೂ ಇಟ್ಟುಕೊಂಡಿಲ್ಲ.

ಮಹಾದೇವಿಯ ಹನ್ನೆರಡನೆಯ ದಿನ ನಾನು ಬಂದಿದ್ದೆನಲ್ಲ. ನೀವು ಅಡಿಗೆಯವರ ಹತ್ತಿರ ಇದ್ದಿರಿ. ನಿಮ್ಮ ಅವ್ವ ನನ್ನ ಕೈ ಹಿಡಿದು, ‘ಮುಂಜಾನಿ ನಿನ್ನ ಕೂಡ ಹೋದಾಕಿ, ಎಲ್ಲಿ ಬಿಟ್ಟು ಬಂದಿ?’ ಎಂದು ಕೇಳಿದರು. ಸಿಟ್ಟಿನಿಂದ ಅಲ್ಲ. ಮಕ್ಕಳು ಶಾಲೆಯಿಂದ ಬರುವುದು ತಡವಾದರೆ ಕೇಳುವ ಹಾಗೆ. ಅದಕ್ಕೆ ಏನು ಹೇಳಬೇಕೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಈಗ ಬರಲು ಇನ್ನೊಂದು ಹೆದರಿಕೆ. ನೀವು ಬಾಗಿಲು ತೆರೆಯುತ್ತೀರಿ, ಆ ಕೂದಲಿನಲ್ಲಿ.

ಎಣ್ಣೆ ಜಾಸ್ತಿ ಹೊತ್ತು ಬಿಡಬೇಡಿ. ಗಟ್ಟಿಯಾಗಿ ಉಜ್ಜಲು ಬಿಡಬೇಡಿ.

ಪ್ರಣೀತಾ


ಮುಲುಂಡ್
೧೨ ಆಗಸ್ಟ್ ೨೦೨೪

ಪ್ರಣೀತಾ,

ಈ ಕೂದಲನ್ನು ನೆಟ್ಟಗೆ ಮಾಡಬೇಕು. ಎಷ್ಟು ಬೇಗ ಆಗುತ್ತದೋ ಅಷ್ಟು ಬೇಗ. ಏನು ಮಾಡಬೇಕು ಬರೆ.

ನಾಗರಪಂಚಮಿಗೆ ಕಾಶವ್ವ ಶೇಂಗಾ ಉಂಡಿ ತಂದಿದ್ದಳು. ನಮ್ಮ ಕಡೆ ಪಂಚಮಿ ಎಂದರೆ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಅವ್ವ ನನಗೊಂದು ಉಂಡಿ ಕೊಟ್ಟಳು. ತಾನೊಂದು ತಗೊಂಡಳು. ಇನ್ನೊಂದನ್ನು ಸೆರಗಿನಲ್ಲಿ ಕಟ್ಟಿಕೊಂಡಳು. ಯಾರಿಗೆ ಎಂದು ಕೇಳಿದೆ.

‘ಭುವಿಗೆ.’

ಎಷ್ಟು ತಿಂಗಳಾಗಿತ್ತು ಅವಳ ಬಾಯಲ್ಲಿ ನನ್ನ ಹೆಸರು ಕೇಳಿ. ನಾನೇ ಭುವಿ ಎಂದು ಹೇಳುವಷ್ಟರಲ್ಲಿ ಅವಳೇ ಶುರು ಮಾಡಿದಳು. ‘ಪಂಚಮಿಗೆ ನೀ ಬಂದಿ. ಆಕಿ ಯಾಕ ಬರ್ಲಿಲ್ಲ? ಮಾದೇವಿ, ನನ್ನ ಮುಂದ ಮುಚ್ಚಿಡಬ್ಯಾಡ. ಈ ಮನ್ಯಾಗ ಒಬ್ಬಾಕಿ ಹೋಗ್ಯಾಳ. ನಾ ನನ್ನ ಕಣ್ಣಿಂದ ನೋಡೀನಿ, ಮ್ಯಾಲೆ ಹೂವಿನ ಮಾಲಿ ಹಾಕಿದ್ರು. ನೀ ಇಲ್ಲೇ ಅದಿ. ಅಂದ್ರ ಹೋದಾಕಿ ಭುವಿ.’

‘ಇಲ್ಲವ್ವಾ, ಭುವಿ ಅದಾಳ’ ಎಂದೆ.

‘ಎಲ್ಲದಾಳ? ಕರಿ ಹಂಗಾರ.’

ಯಾರನ್ನು ಕರೆಯಲಿ? ನಾನೇ ಎಂದೆ. ನನ್ನ ಕೂದಲು ಹಿಡಿದು ನೋಡಿ, ‘ಹಿಂಗ ಚಾಷ್ಟಿ ಮಾಡಬ್ಯಾಡ, ಸತ್ತಾಕಿ ಹೆಸರ ಹಿಡಿದು’ ಎಂದು ಗದರಿಸಿದಳು. ಆಮೇಲೆ ಅತ್ತಳು. ಮಾದೇವಿಗಾಗಿ ಹೇಗೆ ಅಳುತ್ತಿದ್ದಳೋ ಹಾಗೆಯೇ. ಅಳುತ್ತಲೇ ಹೇಳಿದಳು: ‘ಆಕಿ ತಲಿ ನಾ ಹಿಡೀಲೇ ಇಲ್ಲ. ನೆಟ್ಟನ ಕೂದಲ, ತಾನ ಬಾಚಿಕೊಳ್ತಾಳ ಅಂತ ಬಿಟ್ಟೆ. ಬಾಚಣಿಕಿ ಹಿಡಕೊಂಡು ಬಾಗಲಾಗ ನಿಂತಿರತಿದ್ಲು. ನಿನ್ನ ಸಿಕ್ಕು ಬಿಡಿಸೂತನಾ ನಿಂತು, ಹೊತ್ತಾತು ಅಂತ ಹೋಗಿಬಿಡತಿದ್ಲು. ಒಂದ ದಿನಾರ ಕರೀಬೇಕಿತ್ತು ನಾನು.’

ಪ್ರಣೀತಾ, ನಾನು ಬಾಗಿಲಲ್ಲಿ ನಿಲ್ಲುತ್ತಿದ್ದುದು ನಿಜ. ಅವಳು ನೋಡಿದ್ದಳು ಎಂದು ನನಗೆ ತಿಳಿದಿರಲಿಲ್ಲ.

ಮೂರು ದಿನದಿಂದ ಇದೇ ನಡೆದಿದೆ. ಆ ಉಂಡಿ ಇನ್ನೂ ಸೆರಗಿನಲ್ಲಿದೆ. ಬಿಚ್ಚಲು ಕೊಡುವುದಿಲ್ಲ. ನಾನು ಬದುಕಿದ್ದೇನೆಂದು ಅವಳಿಗೆ ತೋರಿಸಬೇಕು. ಬೇಗ ಬರೆ.

ಭುವನೇಶ್ವರಿ


ವಡಾಲ
೧೬ ಆಗಸ್ಟ್ ೨೦೨೪

ಪ್ರೀತಿಯ ಭುವನಕ್ಕಾ,

ನಿಮ್ಮ ಕಾಗದ ಓದಿ ಪಾರ್ಲರಿನ ಶಟರ್ ಅರ್ಧ ಎಳೆದು ಕೂತೆ. ಏನಾದರೂ ದಾರಿ ಉಂಟೋ ಎಂದು ನನಗೆ ಕಲಿಸಿದ ಟೀಚರಿಗೂ ಫೋನ್ ಮಾಡಿ ಕೇಳಿದೆ. ಸುಳ್ಳು ಧೈರ್ಯ ಹೇಳುವುದಿಲ್ಲ. ಆಗುವುದಿಲ್ಲ.

ನಿಮ್ಮ ಕೂದಲು ಒಮ್ಮೆ ಪರ್ಮಿಗೆ ಒಡೆದು ಕಟ್ಟಿದ್ದು. ಅದರ ಮೇಲೆ ಬಣ್ಣ ಬಿದ್ದಿದೆ. ಈಗ ನೆಟ್ಟಗೆ ಮಾಡುವ ಕ್ರೀಮ್ ಹಾಕಿದರೆ ಮೂರನೆಯ ಪೆಟ್ಟು. ತಲೆಯ ಮೇಲೆ ಅಲ್ಲಲ್ಲಿ ಗಿಡ್ಡ ತುಂಡುಗಳು ಉಳಿದಾವು. ಬಿಸಿ ಇಸ್ತ್ರಿ ಎಳೆದರೆ ಮುಂಬಯಿಯ ಈ ಹವೆಗೆ ಸಂಜೆಯೊಳಗೆ ಪುನಃ ಸುತ್ತಿಕೊಳ್ಳುತ್ತದೆ, ಕೂದಲೂ ಸುಡುತ್ತದೆ.

ಕತ್ತರಿಸಬಹುದು. ಕತ್ತರಿಸಿದರೆ ಈಗ ಉಳಿಯುವುದು ಬೆರಳಗಲಕ್ಕಿಂತ ಸ್ವಲ್ಪ ಜಾಸ್ತಿ. ಆ ತಲೆ ನೋಡಿದರೆ ಅವ್ವನಿಗೆ ಭುವಿಯೂ ಕಾಣುವುದಿಲ್ಲ, ಮಹಾದೇವಿಯೂ ಕಾಣುವುದಿಲ್ಲ. ಮಹಾದೇವಿಯ ಕೈಯಿಂದಲಾದರೂ ಉಣ್ಣುತ್ತಿದ್ದಾರಲ್ಲ? ಅದನ್ನು ಕಳೆಯಬೇಡಿ.

ಪರ್ಮ್ ಅಳಿಸಲು ಬರುವುದಿಲ್ಲ, ಅಕ್ಕಾ. ಬೆಳೆದೇ ಹೋಗಬೇಕು. ತಿಂಗಳಿಗೆ ಅರ್ಧ ಇಂಚು. ಬುಡದಿಂದ ಬರುವುದು ನಿಮ್ಮದೇ ಕೂದಲು, ನೆಟ್ಟನೆಯದು. ಇನ್ನು ಮೇಲೆ ಅದಕ್ಕೆ ಬಣ್ಣ ಹಚ್ಚಬೇಡಿ. ಹೊಸದೂ ಹಳೆಯದೂ ಕೂಡುವ ಜಾಗ ಬಹಳ ನಾಜೂಕು, ಅಲ್ಲೇ ಮುರಿಯುತ್ತದೆ. ಬಾಚುವಾಗ ಆ ಜಾಗವನ್ನು ಕೈಯಲ್ಲಿ ಹಿಡಿದುಕೊಳ್ಳಬೇಕು.

ನಿಮ್ಮ ಅವ್ವ ಹಿಡಿಯುತ್ತಾರೆ ಎಂದು ನೀವೇ ಬರೆದಿದ್ದಿರಿ.

ಪ್ರಣೀತಾ


ಮುಲುಂಡ್
೨೭ ನವೆಂಬರ್ ೨೦೨೪

ಪ್ರಣೀತಾ,

ಇಷ್ಟು ದಿನ ಬರೆಯಲಿಲ್ಲ. ಬರೆಯಲು ಹೊಸದೇನೂ ಇರಲಿಲ್ಲ. ಅವ್ವ ಭುವಿಗಾಗಿ ಅಳುತ್ತಿದ್ದಳು, ನಾನು ಮಾದೇವಿಯಾಗಿ ಸಮಾಧಾನ ಮಾಡುತ್ತಿದ್ದೆ. ದೀಪಾವಳಿಯ ಹೊತ್ತಿಗೆ ಅಳುವುದೂ ಕಡಿಮೆಯಾಯಿತು. ಊಟವೂ ಕಡಿಮೆಯಾಯಿತು. ಈಗ ಗಂಜಿ, ತೆಳ್ಳಗಿನ ಬೇಳೆ, ಅಷ್ಟೇ. ಹೆಚ್ಚು ಹೊತ್ತು ಮಲಗಿರುತ್ತಾಳೆ.

ನನ್ನ ತಲೆ ನೋಡಿದರೆ ನೀನು ನಗುತ್ತೀ. ಬುಡದಿಂದ ಮೂರು ಬೆರಳಿನಗಲ ನೆಟ್ಟಗೆ, ಅರ್ಧಕ್ಕರ್ಧ ಬಿಳಿ. ಅಲ್ಲಿಂದ ಕೆಳಗೆ ಕಂದು ಗುಂಗುರು. ಸೊಸೈಟಿಯ ಸೆಕ್ರೆಟರಿ ಹಿತೇಶ್ ಭಾಯಿ ಲಿಫ್ಟ್‌ನಲ್ಲಿ ನೋಡಿ, ‘ಭುವನಾಬೆನ್, ಯೆ ನಯಾ ಫ್ಯಾಷನ್ ಹೈ ಕ್ಯಾ?’ ಎಂದು ಕೇಳಿದ. ಹೌದು ಎಂದೆ.

ಕಳೆದ ಭಾನುವಾರ ಅವ್ವ ತಾನಾಗಿ ಎದ್ದು ಕೂತು ಎಣ್ಣೆ ಕೇಳಿದಳು. ಬಹಳ ದಿನವಾಗಿತ್ತು. ನೆಲದ ಮೇಲೆ ಕೂತು ಅವಳ ಮೊಣಕಾಲಿಗೆ ಬೆನ್ನು ಕೊಟ್ಟೆ. ತುದಿಯಿಂದ ಶುರು ಮಾಡಿದಳು. ‘ಮಾದೇವಿ, ಎಷ್ಟ ಸಿಕ್ಕ ಮಾಡ್ಕೊಂಡಿಯವ್ವ’ ಎನ್ನುತ್ತ ಮೇಲೆ ಬಂದಳು. ಗುಂಗುರು ಮುಗಿಯುವಲ್ಲಿ ಅವಳ ಬೆರಳು ನಿಂತಿತು. ಬುಡದ ಕೂದಲನ್ನು ಬೆರಳಿನಿಂದ ಮೇಲಿನಿಂದ ಕೆಳಕ್ಕೆ ಸವರಿದಳು, ಮತ್ತೆ ಸವರಿದಳು.

‘ಇದು ಭುವಿದು’ ಎಂದಳು.

‘ಬಾಗಲಾಗ ನಿಂತಿದ್ದಿಯಲ್ಲ, ಬಂದಿ ಏನು ಒಳಗ? ಬಾ, ಕೂಡು’ ಎಂದಳು. ಆ ಮೂರು ಬೆರಳಿನಗಲದ ಕೂದಲನ್ನು ಬಾಚಿದಳು. ಬಾಚಲು ಅಲ್ಲಿ ಏನೂ ಇರಲಿಲ್ಲ, ಒಂದು ಸಿಕ್ಕೂ ಇರಲಿಲ್ಲ. ಆದರೂ ಬಾಚಿದಳು. ತುದಿಗೆ ಹೋದಾಗ ‘ಮಾದೇವಿ’, ಬುಡಕ್ಕೆ ಬಂದಾಗ ‘ಭುವಿ’. ‘ಇಬ್ರೂ ಕೂಡೇ ಬಂದೀರಿ, ಚಲೋ ಆತು. ಜಗಳಾ ಆಡಬ್ಯಾಡ್ರಿ. ಇಬ್ರಿಗೂ ಹಚ್ಚತೀನಿ’ ಎಂದಳು.

ಬಾಗಿಲ ಹತ್ತಿರ ಪಾತ್ರೆ ಹಿಡಿದು ನಿಂತಿದ್ದ ಕಾಶವ್ವ ಅಡಿಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡಳು.

ನೀನು ಒಮ್ಮೆ ಬಂದು ನೋಡಬೇಕಿತ್ತು ಎಂದು ಬರೆಯುತ್ತಿದ್ದೇನೆ. ಒತ್ತಾಯವಿಲ್ಲ.

ಭುವನೇಶ್ವರಿ


ವಡಾಲ
೪ ಡಿಸೆಂಬರ್ ೨೦೨೪

ಪ್ರೀತಿಯ ಭುವನಕ್ಕಾ,

ಬರುತ್ತೇನೆ. ಈ ತಿಂಗಳು ಮದುವೆಗಳು ಉಂಟು, ಇದು ಸುಳ್ಳಲ್ಲ. ಸಂಕ್ರಾಂತಿಯ ಮರುದಿನ ಖಂಡಿತ ಬರುತ್ತೇನೆ. ಅವ್ವನ ತಲೆಗೂ ಎಣ್ಣೆ ಹಚ್ಚಿ ಬಾಚಿಕೊಡುತ್ತೇನೆ. ಅವರ ತಲೆ ಯಾರು ಬಾಚುತ್ತಾರೆ ಎಂದು ನಾನು ಯಾವತ್ತೂ ಯೋಚಿಸಿರಲಿಲ್ಲ.

ಪ್ರಣೀತಾ


ಮುಲುಂಡ್
೩ ಫೆಬ್ರವರಿ ೨೦೨೫

ಪ್ರಣೀತಾ,

ಸಂಕ್ರಾಂತಿಗೆ ಇನ್ನೂ ಮೂರು ದಿನ ಇರುವಾಗ ಅವ್ವ ಹೋದಳು. ಬೆಳಿಗ್ಗೆ ಗಂಜಿ ಕುಡಿದು ಮಲಗಿದವಳು ಏಳಲಿಲ್ಲ. ನಿನಗೆ ಫೋನ್ ಮಾಡಬೇಕಿತ್ತು. ಈಗ ಕೈ ಚಾಚುವವರು ಯಾರೂ ಇಲ್ಲ, ಆದರೂ ಹಿಟ್ಟಿನ ಡಬ್ಬದ ಹಿಂದಿನಿಂದ ಅದನ್ನು ತೆಗೆಯಲು ನನ್ನಿಂದ ಆಗಲಿಲ್ಲ. ಸಂಕ್ರಾಂತಿಯ ಮರುದಿನ ನೀನು ಬಂದು ಬೀಗ ನೋಡಿ ಹೋದೆ ಎಂದು ಎದುರುಮನೆಯವರು ಹೇಳಿದರು. ಅಂದು ನಾನು ಅಸ್ಥಿ ಬಿಡಲು ಹೋಗಿದ್ದೆ. ಬಾಗಿಲ ಬಳಿ ಇಟ್ಟು ಹೋದ ಎಣ್ಣೆಯ ಸೀಸೆ ಸಿಕ್ಕಿತು.

ಅವಳ ಸೆರಗಿನ ಗಂಟನ್ನು ಕೊನೆಯ ಸ್ನಾನ ಮಾಡಿಸುವಾಗ ಬಿಚ್ಚಿದೆ. ಉಂಡಿ ಪುಡಿಯಾಗಿತ್ತು. ಸೀರೆ ಬದಲಿಸಿದಾಗಲೆಲ್ಲ ಹೊಸ ಸೆರಗಿಗೆ ಕಟ್ಟಿಸಿಕೊಂಡಿದ್ದಳು. ನನಗಾಗಿ ಇಟ್ಟದ್ದು. ತಿಂದೆ.

ದಿನಕರ್ಮ ಎಲ್ಲ ಮುಗಿಯಿತು. ‘ಅಕ್ಕಾರ, ಇನ್ನ ಆ ಶಾವಿಗಿ ತೆಗಿಸಿಬಿಡ್ರಿ’ ಎಂದಳು ಕಾಶವ್ವ. ಈ ಸಲ ಅವಳು ನಗಲಿಲ್ಲ. ಅವಳು ಹೇಳುವುದು ಸರಿ. ಕೂಡುವ ಜಾಗದಲ್ಲಿ ಮುರಿಯತೊಡಗಿದೆ, ನೀನು ಹೇಳಿದಂತೆಯೇ. ಹಿಡಿದು ಬಾಚುವ ಕೈ ಈಗಿಲ್ಲ.

ಸ್ಟೇಷನ್ ಹತ್ತಿರದ ಪಾರ್ಲರಿಗೆ ಹೋದೆ. ಕುರ್ಚಿಯಲ್ಲಿ ಕೂತೆ. ಆ ಹುಡುಗಿ ಕತ್ತರಿ ಎತ್ತಿಕೊಂಡಳು. ಅವಳ ಕಾಲ ಬಳಿ ಯಾರದೋ ಕೂದಲು ಗುಡಿಸದೆ ಬಿದ್ದಿತ್ತು. ಎದ್ದು ಬಂದುಬಿಟ್ಟೆ.

ನೀನು ಬಾ. ಯಾವ ಸೋಮವಾರವಾದರೂ ಸರಿ. ನಾನು ಬಾಗಿಲು ತೆರೆದಾಗ ಮೊದಲು ಬುಡದ ಕಡೆ ನೋಡು, ಅಲ್ಲಿ ನಾನೇ ಇರುತ್ತೇನೆ. ಕೆಳಗೆ ಉಳಿದಿರುವುದನ್ನು ನೀನೇ ತೆಗೆಯಬೇಕು. ಒಂದೊಂದೇ ಎಳೆಯಾಗಿ ತೆಗೆ. ಅವ್ವನ ಸೀರೆಯನ್ನು ಮಡಿಲಲ್ಲಿ ಹಾಸಿಕೊಂಡು ಕೂರುತ್ತೇನೆ. ಒಂದೂ ನೆಲಕ್ಕೆ ಬೀಳಬಾರದು.

ಮಾದೇವಿಯನ್ನು ಎಲ್ಲಿ ಬಿಟ್ಟು ಬಂದಿ ಎಂದು ಅವ್ವ ನಿನ್ನನ್ನು ಕೇಳಿದ್ದಳಲ್ಲ, ಅದಕ್ಕೆ ಉತ್ತರ ಹುಡುಕಬೇಡ. ಕತ್ತರಿ ತಾ, ಸಾಕು.

ನಿನ್ನ
ಭುವನಕ್ಕ